ಬಜಪೆಯ ಮಳೆಗಾಗಿ ಕೊಂಡ ಎಕ್ಸ್-ಪ್ಲೇನ್ 12

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಕ್ಸ್-ಪ್ಲೇನ್ 11ರಲ್ಲಿ ಐದು ವರ್ಷ ಹಾರಾಡಿದ್ದೆ. 2022ರ ಡಿಸೆಂಬರ್‌ನಲ್ಲಿ 12ನೇ ಆವೃತ್ತಿ ಪೂರ್ಣವಾಗಿ ಬಿಡುಗಡೆಯಾದಾಗ ಬೆಲೆ ಸುಮಾರು 60 ಡಾಲರ್, ಅಂದರೆ ನಮ್ಮ ಐದು ಸಾವಿರ ರೂಪಾಯಿ. ಹಳೆಯದು ಕೈಯಲ್ಲಿದ್ದರೂ ಹೊಸದನ್ನು ಇಡಿಯಾಗಿ ಕೊಳ್ಳಬೇಕು.

ನಾನು ಹೆಚ್ಚಾಗಿ ಹಾರಿಸುವುದು ಸೆಸ್ನಾ 172 ಎಂಬ ಪುಟ್ಟ ವಿಮಾನ, ಇಳಿಸುವುದು ಮಂಗಳೂರಿನ ಬಜಪೆಯಲ್ಲಿ. ಅದು ನನ್ನ ಊರು. 2010ರ ಮೇ 22ರಂದು ಅಲ್ಲಿ ವಿಮಾನ ಅಪಘಾತದಲ್ಲಿ 158 ಜನ ಪ್ರಾಣ ಕಳೆದುಕೊಂಡ ಮೇಲೆ, ಗುಡ್ಡದ ನೆತ್ತಿಯ ಆ 2,450 ಮೀಟರ್ ರನ್‌ವೇಯನ್ನು ಹಗುರವಾಗಿ ನೋಡಲು ನನಗೆ ಸಾಧ್ಯವಾಗಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಕೇಳಿಕೊಂಡದ್ದು ಇಷ್ಟೇ: ಆಷಾಢದ ಮಳೆಯಲ್ಲಿ ಇಲ್ಲಿ ಇಳಿಯುವುದನ್ನು 12 ಇನ್ನಷ್ಟು ಚೆನ್ನಾಗಿ ಕಲಿಸುತ್ತದೆಯೇ?

ಉಚಿತ ಡೆಮೊದಲ್ಲಿ ಸಿಗುವುದು ಅಮೆರಿಕದ ಪೋರ್ಟ್‌ಲ್ಯಾಂಡ್ ಸುತ್ತಮುತ್ತಲಿನ ಪ್ರದೇಶ ಮಾತ್ರ. ಬಜಪೆಯ ಹವೆಯನ್ನೇ ಅಲ್ಲಿಗೆ ಒಯ್ದೆ: ಸಾವಿರ ಅಡಿಯಲ್ಲಿ ಮೋಡ, ಜಡಿಮಳೆ, ಎಡಗಡೆಯಿಂದ 12 ನಾಟ್ ಗಾಳಿ. ಎರಡೂ ಆವೃತ್ತಿಗಳಲ್ಲಿ ಹತ್ತತ್ತು ಸಲ ಇಳಿಸಿ, ಪ್ರತಿ ಸಲವೂ ಫ್ರೇಮ್ ದರವನ್ನು, ಅಂದರೆ ಪರದೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬುದನ್ನು, ಬರೆದಿಟ್ಟೆ. 11ರಲ್ಲಿ 40ರ ಆಸುಪಾಸು ಇತ್ತು. 12ರಲ್ಲಿ ಮೋಡ ಹೊಕ್ಕೊಡನೆ 18ಕ್ಕೆ ಬಿತ್ತು. ಇದು ಬರೀ ಕಣ್ಣಿನ ಕಿರಿಕಿರಿಯಲ್ಲ. ದರ ಸುಮಾರು 20ಕ್ಕಿಂತ ಇಳಿದರೆ, ಹಾರಾಟದ ಲೆಕ್ಕ ಕೆಡದಿರಲೆಂದು ಎಕ್ಸ್-ಪ್ಲೇನ್ ಕಾಲವನ್ನೇ ನಿಧಾನಗೊಳಿಸುತ್ತದೆ. ಆಗ ನೆಲ ಮುಟ್ಟುವ ಮುನ್ನ ಮೂತಿ ಎತ್ತಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಕೈಗೆ ತಪ್ಪು ಅಭ್ಯಾಸವಾಗುತ್ತದೆ. ಮೋಡದ ಗುಣಮಟ್ಟವನ್ನು ಒಂದು ಹಂತ ತಗ್ಗಿಸಿ, ನೆರಳುಗಳನ್ನೂ ಕಡಿಮೆ ಮಾಡಿದ ಮೇಲೆ 29ಕ್ಕೆ ಬಂದು ನಿಂತಿತು. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ.

ಕೊನೆಗೆ ಮನಸ್ಸು ಗೆದ್ದದ್ದು ಮುಂದಿನ ಗಾಜು. ನಿಂತಿದ್ದಾಗ ಹನಿಗಳು ಅದರ ಮೇಲೆ ಕೆಳಗಿಳಿಯುತ್ತಿದ್ದವು. ವೇಗ ಏರಿದಂತೆ ಗೆರೆಗಳಾಗಿ ಹಿಂದಕ್ಕೆ ಹರಿಯತೊಡಗಿದವು. 65 ನಾಟ್‌ನಲ್ಲಿ ಇಳಿಯುತ್ತ, ಮೀಟರುಗಳಿಂದ ಕಣ್ಣೆತ್ತಿದರೆ ರನ್‌ವೇ ದೀಪಗಳು ನೀರಿನಲ್ಲಿ ಕದಡಿಹೋಗಿದ್ದವು. 12ರಲ್ಲಿ ಮೋಡಕ್ಕೆ ದಪ್ಪವಿದೆ. ಅದರ ಅಡಿಯಂಚಿನಲ್ಲಿ ನೆಲ ತುಂಡುತುಂಡಾಗಿ ಕಾಣಿಸಿ ಮರೆಯಾಗುತ್ತದೆ. 11ರಲ್ಲಿ ನಾನು ಹೀಗೆ ದೀಪಗಳಿಗಾಗಿ ಹುಡುಕಾಡಿದ್ದೇ ಇಲ್ಲ. ನನಗೆ ಬೇಕಾಗಿದ್ದ ಅಭ್ಯಾಸವೇ ಆ ಹುಡುಕಾಟ.

ಇನ್ನುಳಿದದ್ದು 11ಕ್ಕೆಂದು ಬೇರೆ ತಯಾರಕರಿಂದ ಮೊದಲೇ ದುಡ್ಡು ಕೊಟ್ಟು ಕೊಂಡಿದ್ದ ಮೂರು ಹೆಚ್ಚುವರಿ ವಿಮಾನಗಳ ವಿಚಾರ. ಒಂದು 12ರಲ್ಲೂ ನಡೆಯುತ್ತದೆ. ಇನ್ನೊಂದರ ತಯಾರಕರು ಮತ್ತೆ 20 ಡಾಲರ್ ಕೇಳಿದರು. ಅದು ಅನ್ಯಾಯವೆನಿಸಿತು, ಕೊಡಲಿಲ್ಲ. ಮೂರನೆಯದರ ಹೊಸ ಆವೃತ್ತಿ ಬರಲೇ ಇಲ್ಲ. ಅದಕ್ಕಾಗಿಯೇ 11ನ್ನು ಡಿಸ್ಕ್‌ನಿಂದ ಅಳಿಸಿಲ್ಲ. ದುಡ್ಡು ಹಾಕುವ ಮುನ್ನ, ಕೈಯಲ್ಲಿರುವ ಯಾವ ವಿಮಾನ ಹೊಸದರಲ್ಲಿ ನಡೆಯುತ್ತದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಕೊಂಡ ಸಂಜೆ ಅದೇ ಮಳೆ, ಅದೇ ಗಾಳಿ ಇಟ್ಟುಕೊಂಡು ಬಜಪೆಯ ರನ್‌ವೇ 24ಕ್ಕೆ ನಾಲ್ಕು ಸಲ ಇಳಿಯಹೊರಟೆ. ಮೂರು ಸಲ ದೀಪ ಕಾಣದೆ ಮತ್ತೆ ಮೇಲೇರಿದೆ.