ಕಾರು ಬಂತು, ಟೈಟಲ್ ಬರಲಿಲ್ಲ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಊರಲ್ಲಿ ಆರ್‌ಸಿ ನಮ್ಮ ಹೆಸರಿಗೆ ಬಂದರೆ ಗಾಡಿ ನಮ್ಮದು. ಸಾಲ ಇದ್ದರೆ ಬ್ಯಾಂಕಿನ ಹೆಸರೂ ಅದರಲ್ಲೇ ಇರುತ್ತದೆ. ಇಲ್ಲಿ ಹಾಗಲ್ಲ. ರಿಜಿಸ್ಟ್ರೇಶನ್ ಬೇರೆ, ಟೈಟಲ್ ಬೇರೆ. ಮೊದಲನೆಯದು ಗಾಡಿ ರಸ್ತೆಗಿಳಿಸಲು. ಕಾರು ಯಾರದು ಅಂತ ಹೇಳುವುದು ಟೈಟಲ್. ಇಲ್ಲಿನವರು ಪಿಂಕ್ ಸ್ಲಿಪ್ ಅನ್ನುವುದು ಅದನ್ನೇ.

ಬಂದ ಹೊಸದರಲ್ಲಿ ನಾವು ಒಬ್ಬ ಸಣ್ಣ ಡೀಲರ್ ಹತ್ತಿರ ಹಳೇ ಕ್ಯಾಮ್ರಿ ತಗೊಂಡೆವು. ಹಿಂದೆ ಮುಂದೆ ಕಾಗದದ ನಂಬರ್ ಪ್ಲೇಟು, ಅದರ ಮೇಲೆ 90 ದಿನದ ಗಡುವಿನ ತಾರೀಕು. ಫೋನ್ ಮಾಡಿದಾಗೆಲ್ಲ ‘ನೆಕ್ಸ್ಟ್ ವೀಕ್’ ಅನ್ನುತ್ತಿದ್ದರು. ತಾರೀಕು ಹತ್ತಿರ ಬಂದಾಗ ಡಿಎಂವಿ (ನಮ್ಮೂರ ಆರ್‌ಟಿಒ ಥರದ ಇಲಾಖೆ) ಕೌಂಟರಿನಲ್ಲಿ ವಿಷಯ ಗೊತ್ತಾಯಿತು. ಹಿಂದಿನ ಮಾಲೀಕರ ಸಾಲವನ್ನು ಡೀಲರ್ ತೀರಿಸಿಯೇ ಇರಲಿಲ್ಲ. ಅವರ ಬ್ಯಾಂಕು ಟೈಟಲ್ ಯಾಕೆ ಬಿಡುತ್ತದೆ?

ಆಗ ನಮಗೆ ಗೊತ್ತಿರದಿದ್ದ ಎರಡು ಲೆಕ್ಕ ಇವೆ. ಬಳಸಿದ ಕಾರು ಮಾರಿದ 30 ದಿನದೊಳಗೆ ಡೀಲರ್ ಕಾಗದಪತ್ರ, ಫೀ ಎಲ್ಲ ಡಿಎಂವಿಗೆ ಸಲ್ಲಿಸಬೇಕು. ಹೊಸ ಕಾರಾದರೆ 20 ದಿನ. ಇನ್ನೊಂದು, ಗಿರಾಕಿ ಬದಲಿಗೆ ಕೊಟ್ಟ ಹಳೇ ಕಾರಿನ ಮೇಲೆ ಸಾಲ ಇದ್ದರೆ ಅದನ್ನು 21 ದಿನದಲ್ಲಿ ತೀರಿಸಬೇಕು. ನೀವು ಹಳೇ ಕಾರು ಕೊಟ್ಟಿದ್ದರೆ ಇದು ನಿಮಗೂ ಅನ್ವಯ. ಸಾಲ ತೀರಿತಾ ಅಂತ ನಿಮ್ಮ ಬ್ಯಾಂಕನ್ನೇ ಕೇಳಿ, ಡೀಲರನ್ನಲ್ಲ.

ಒಂದು ಮಾತು, ಸುಮ್ನೆ ಗಾಬರಿಯಾಗಬೇಡಿ. ಲೋನ್ ಮೇಲೆ ಕೊಂಡಿದ್ದರೆ ಟೈಟಲ್ ಸಾಲ ಕೊಟ್ಟವರ ಹತ್ತಿರವೇ ಇರುತ್ತದೆ, ಬಹಳ ಸಲ ಬರೀ ಕಂಪ್ಯೂಟರಿನಲ್ಲಿ. ಆದರೆ ನಿಮ್ಮ ಹೆಸರಿನ ರಿಜಿಸ್ಟ್ರೇಶನ್ ಕಾರ್ಡು, ತಗಡಿನ ಪ್ಲೇಟು ಬರಲೇಬೇಕು.

‘ಆ್ಯಸ್ ಈಸ್ (ಇದ್ದ ಸ್ಥಿತಿಯಲ್ಲೇ) ಅಂತ ಸಹಿ ಹಾಕಿದ್ದೀರಲ್ಲ’ ಅಂತ ನಮ್ಮ ಡೀಲರ್ ಬಾಯಿ ಮುಚ್ಚಿಸಲು ನೋಡಿದರು. ಅರ್ಧ ನಿಜ ಅಷ್ಟೇ. ಆ್ಯಸ್ ಈಸ್ ಅನ್ನುವುದು ಎಂಜಿನ್ನು, ಗೇರ್‌ಬಾಕ್ಸಿನ ಮಾತು. ಮಾರುವವರು ಸಾಲದ ತಕರಾರಿಲ್ಲದ ಟೈಟಲ್ ಕೊಡಬೇಕು ಅನ್ನುವ ಹೊಣೆ ಆ ಎರಡು ಪದದಿಂದ ತಪ್ಪುವುದಿಲ್ಲ.

30 ದಿನ ದಾಟಿದರೆ ಫೋನ್ ಬಿಡಿ, ಬರೆಯಿರಿ. ಇಂಥ ತಾರೀಕಿನೊಳಗೆ ಟೈಟಲ್ ಕೊಡಿ, ಇಲ್ಲವೇ ಕಾರು ತಗೊಂಡು ದುಡ್ಡು ವಾಪಸ್ ಕೊಡಿ ಅಂತ ಸರ್ಟಿಫೈಡ್ ಮೇಲ್ (ರಿಜಿಸ್ಟರ್ಡ್ ಪೋಸ್ಟ್ ಥರದ್ದು) ಕಳಿಸಿ. ಜೊತೆಗೇ ಡಿಎಂವಿ ಇನ್ವೆಸ್ಟಿಗೇಶನ್ಸ್ ವಿಭಾಗಕ್ಕೆ ದೂರು ಕೊಡಿ, ಫಾರಂ ಐಎನ್‌ವಿ 172ಎ. ಡೀಲರ್ ಲೈಸೆನ್ಸ್ ಇರುವುದು ಡಿಎಂವಿ ಕೈಯಲ್ಲಿ, ಅಲ್ವಾ? ಅದಕ್ಕೇ ಈ ದೂರಿಗೆ ತೂಕ ಜಾಸ್ತಿ. ನಾವು ದೂರಿನ ಪ್ರತಿಯನ್ನು ಡೀಲರಿಗೂ ಮೇಲ್ ಮಾಡಿದೆವು. ತಿಂಗಳುಗಟ್ಟಲೆ ಆಗದ ಕೆಲಸ ಎರಡೇ ವಾರದಲ್ಲಿ ಆಯಿತು.

ಅದಕ್ಕೂ ಬಗ್ಗದಿದ್ದರೆ ಸಣ್ಣ ಮೊತ್ತದ ವ್ಯಾಜ್ಯಗಳ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ. ಅಲ್ಲಿ ವೈಯಕ್ತಿಕವಾಗಿ 12,500 ಡಾಲರ್ ತನಕ ಕೇಳಬಹುದು, ವಕೀಲರ ಖರ್ಚಿಲ್ಲ. ಸಾಮಾನ್ಯ ಡೀಲರುಗಳು 50,000 ಡಾಲರಿನ ಬಾಂಡ್ (ಗ್ಯಾರಂಟಿ) ಇಟ್ಟಿರಬೇಕು, ಅದರ ಮೇಲೂ ಕ್ಲೇಮ್ ಹಾಕಬಹುದು. ಡೀಲರ್ ಅಂಗಡಿಯನ್ನೇ ಮುಚ್ಚಿಕೊಂಡು ಹೋಗಿದ್ದರೆ, ಇಂಥವರಿಗೆಂದೇ ರಾಜ್ಯದಲ್ಲಿ ಒಂದು ಪರಿಹಾರ ನಿಧಿ ಇದೆ.

ಸಿಟ್ಟಿನಲ್ಲಿ ಲೋನಿನ ಕಂತು ಮಾತ್ರ ನಿಲ್ಲಿಸಬೇಡಿ. ಈಗಷ್ಟೇ ಚಿಗುರುತ್ತಿರುವ ಕ್ರೆಡಿಟ್ ಸ್ಕೋರ್ ನೆಲ ಕಚ್ಚುತ್ತದೆ. ಡೀಲರ್ ಮೂಲಕವೇ ಲೋನ್ ಆಗಿದ್ದರೆ ಕರಾರಿನಲ್ಲಿ ‘ನೋಟಿಸ್’ ಅಂತ ದಪ್ಪಕ್ಷರದ ಪ್ಯಾರಾ ಹುಡುಕಿ. ಡೀಲರ್ ಮೇಲಿನ ತಕರಾರನ್ನು ಸಾಲ ಕೊಟ್ಟವರ ಮುಂದೂ ಎತ್ತಬಹುದು ಅನ್ನುವುದು ಅದರ ಅರ್ಥ.

ಕೊಳ್ಳುವ ಮುಂಚೆ ಹತ್ತು ನಿಮಿಷದ ಕೆಲಸ. ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ, ಗಾಜಿನ ಕೆಳಗೆ, 17 ಅಕ್ಷರ-ಅಂಕಿಗಳ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಇರುತ್ತದೆ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ, ಕರಾರಿನಲ್ಲಿ ಅದೇ ಇದೆಯಾ ನೋಡಿ. ಎನ್‌ಐಸಿಬಿ ಅನ್ನುವ, ವಿಮಾ ವಂಚನೆ-ಕಳ್ಳತನ ತಡೆಯುವ ಸಂಸ್ಥೆಯ ಸೈಟಿನಲ್ಲಿ ಅದನ್ನು ಹಾಕಿ ಕಳ್ಳಮಾಲಾ, ಸಾಲ್ವೇಜಾ (ತೀರಾ ಜಖಂ ಆಗಿ ವಿಮೆಯವರು ಕೈಬಿಟ್ಟದ್ದಾ) ಅಂತ ಪುಕ್ಕಟೆ ನೋಡಬಹುದು. ಕಾರಿನ ಮೇಲೆ ಕೆಂಪು ಎಚ್ಚರಿಕೆ ಚೀಟಿ ಇದ್ದರೆ ಟೈಟಲ್‌ನಲ್ಲಿ ಸಾಲ್ವೇಜ್ ಥರದ ಕಳಂಕ ಇದೆ ಅಂತ. ಅಂಥದ್ದು ಇದ್ದರೆ ಡೀಲರ್ ಆ ಚೀಟಿ ಅಂಟಿಸಲೇಬೇಕು.

ಸಹಾಯ ಬೇಕಾದರೆ ನಮ್ಮ ಕನ್ನಡ ಕೂಟದ ಸ್ವಯಂಸೇವಕರನ್ನು ಕೇಳಿ. ಬರುವಾಗ ಕರಾರು, ದುಡ್ಡು ಕೊಟ್ಟ ರಸೀದಿ, ಡೀಲರ್ ಜೊತೆಗಿನ ಮೆಸೇಜುಗಳು, ಆ ಕಾಗದದ ಪ್ಲೇಟಿನ ಒಂದು ಫೋಟೋ ತನ್ನಿ.