ನಮ್ಮ ರಾಜ್ಯದ ಯೂನಿವರ್ಸಿಟಿ ಬಿಟ್ಟು ಅಲಬಾಮಾಗೆ ಹೋದ ಲೆಕ್ಕ

2022ರ ಮಾರ್ಚ್ ತಿಂಗಳ ಒಂದು ರಾತ್ರಿ ಊಟದ ಮೇಜಿನ ಮೇಲೆ ಎರಡು ಹಾಳೆ ಇಟ್ಟುಕೊಂಡು ಕೂತಿದ್ದೆವು. ಒಂದು ಇಲಿನಾಯ್ ಯೂನಿವರ್ಸಿಟಿ, ಅರ್ಬಾನಾ-ಶಾಂಪೇನ್. ನಾವು ಇರುವುದು ಶಿಕಾಗೋ ಹತ್ತಿರ, ಹಾಗಾಗಿ ಅದು ನಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿ. ಇನ್ನೊಂದು ಅಲಬಾಮಾ ಯೂನಿವರ್ಸಿಟಿ, ಹನ್ನೊಂದು ಗಂಟೆ ಕಾರಿನ ದಾರಿ. ಮಗಳಿಗೆ ಎರಡು ಕಡೆಯೂ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ನಮ್ಮ ರಾಜ್ಯದಲ್ಲಿ ಓದಿದರೆ ಫೀಸು, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 35,000 ಡಾಲರ್ ಹತ್ತಿರ. ಅಲಬಾಮಾದಲ್ಲಿ ಸ್ಕಾಲರ್‌ಶಿಪ್ ಕಳೆದು 20,000 ಆಸುಪಾಸು.

ತಿಪಟೂರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಂಬಲೇ ಇಲ್ಲ. "ಸರ್ಕಾರಿ ಕಾಲೇಜು ಅಂದ್ರೆ ಆ ರಾಜ್ಯದ ಮಕ್ಕಳಿಗೆ ತಾನೇ ಕಮ್ಮಿ ಆಗ್ಬೇಕು? ಬೇರೆ ರಾಜ್ಯದವರಿಗೆ ಯಾಕಮ್ಮ ದುಡ್ಡು ಬಿಡ್ತಾರೆ?" ಅಂದರು. ಅಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಸಿಇಟಿಯಲ್ಲೂ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅಂತ ಒಂದು ನಿಯಮ ಇದೆ, ಅಲ್ವಾ? ತೆರಿಗೆ ಕಟ್ಟಿದವರ ಮಕ್ಕಳಿಗೆ ಮೊದಲ ಹಕ್ಕು, ಅದು ಎಲ್ಲರಿಗೂ ಗೊತ್ತಿರುವ ನ್ಯಾಯ. ಅಮೆರಿಕದಲ್ಲೂ ಬೋರ್ಡಿನ ಮೇಲೆ ಬರೆದಿರುವುದು ಅದೇ. ಆಗ ಅಲಬಾಮಾದ ಮಕ್ಕಳಿಗೆ ವರ್ಷದ ಟ್ಯೂಷನ್ ಫೀಸು 11,000-12,000 ಡಾಲರ್ ಇತ್ತು. ಹೊರಗಿನವರಿಗೆ 32,000ಕ್ಕೂ ಸ್ವಲ್ಪ ಮೇಲಿತ್ತು. ಆದರೆ ಬೋರ್ಡಿನ ಮೇಲಿನ ಬೆಲೆಯೇ ಬೇರೆ, ಕೊನೆಗೆ ಕಟ್ಟುವ ಬೆಲೆಯೇ ಬೇರೆ. ಇದನ್ನು ಕಲಿಯಲು ನನಗೆ ಒಂದು ಮಗುವಿನ ಓದು ಪೂರ್ತಿ ಬೇಕಾಯಿತು.

ಮೊದಲು ಮಗನ ಕಥೆ ಹೇಳಬೇಕು. ಅವನು ಕಾಲೇಜಿಗೆ ಸೇರಿದ್ದು 2017ರಲ್ಲಿ. ಆಗ ಇಲಿನಾಯ್ ರಾಜ್ಯದ ಸ್ಥಿತಿ ಬಹಳ ಕೆಟ್ಟಿತ್ತು. 2015ರ ಜುಲೈನಿಂದ 2017ರ ಜುಲೈವರೆಗೆ, ಎರಡು ವರ್ಷ, ರಾಜ್ಯಕ್ಕೆ ಪೂರ್ತಿ ಬಜೆಟ್ಟೇ ಇರಲಿಲ್ಲ. ಗವರ್ನರ್ ಒಂದು ಕಡೆ, ಶಾಸಕರು ಇನ್ನೊಂದು ಕಡೆ. ಸರ್ಕಾರಿ ಯೂನಿವರ್ಸಿಟಿಗಳಿಗೆ ದುಡ್ಡು ಬರಲಿಲ್ಲ, ಕೆಲವು ಕಡೆ ಕೆಲಸದವರನ್ನು ತೆಗೆದರು. ಬಡ ಮಕ್ಕಳಿಗೆ ರಾಜ್ಯ ಕೊಡುವ ಮ್ಯಾಪ್ ಗ್ರಾಂಟ್ ಕೂಡ ಸಮಯಕ್ಕೆ ಬರಲಿಲ್ಲ. ಕನ್ನಡ ಕೂಟದಲ್ಲಿ ಸೇರಿದಾಗಲೆಲ್ಲ ಅಪ್ಪ ಅಮ್ಮಂದಿರದು ಒಂದೇ ಮಾತು, "ಮಕ್ಕಳನ್ನ ಹೊರಗೆ ಕಳಿಸಿಬಿಡೋಣ". ನಾವೂ ಹೆದರಿದೆವು.

ಇನ್ನೊಂದು ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಿಂದ ಮಗನಿಗೆ ಪತ್ರ ಬಂತು. ವರ್ಷಕ್ಕೆ 12,000 ಡಾಲರ್ ಸ್ಕಾಲರ್‌ಶಿಪ್. ದಪ್ಪ ಕಾಗದ, ಮೇಲೆ ಅವನ ಹೆಸರು. ನಾವು ಅವತ್ತು ಪಾಯಸ ಮಾಡಿದೆವು. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಪ್ರತಿ ವರ್ಷ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 3.5 ಇರಬೇಕು. ಹೈಸ್ಕೂಲಿನಲ್ಲಿ ಯಾವಾಗಲೂ 3.9 ತರುತ್ತಿದ್ದ ಹುಡುಗ. ನಾನು ಆ ಸಾಲನ್ನು ಎರಡನೇ ಸಲ ಓದಲಿಲ್ಲ.

ಮೊದಲ ವರ್ಷ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಒಟ್ಟಿಗೆ ಬಿದ್ದವು. ವರ್ಷದ ಕೊನೆಗೆ 3.38. ಸ್ಕಾಲರ್‌ಶಿಪ್ ಹೋಯಿತು. ಮೇಲ್ಮನವಿ ಬರೆದೆವು, ಒಪ್ಪಲಿಲ್ಲ. ಉಳಿದ ಮೂರು ವರ್ಷಕ್ಕೆ 36,000 ಡಾಲರ್ ಹೆಚ್ಚು ಹೊರೆ. ಅಷ್ಟರಲ್ಲಿ ಅವನಿಗೆ ಅಲ್ಲಿ ಗೆಳೆಯರಾಗಿದ್ದರು, ಪ್ರೊಫೆಸರ್ ಒಬ್ಬರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ವಾಪಸ್ ಬಾ ಅನ್ನಲು ಮನಸ್ಸು ಬರಲಿಲ್ಲ. ಮನೆಯ ಮೇಲೆ ಸಾಲ ತೆಗೆದೆವು. ಅವನು ತನ್ನಿಂದಲೇ ಹೀಗಾಯಿತು ಅಂತ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. ಆ ದುಡ್ಡಿಗಿಂತ ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಮಗಳ ಸರದಿ ಬರುವ ಹೊತ್ತಿಗೆ ನಾನು ನಿರ್ಧಾರ ಮಾಡಿದ್ದೆ. ಈ ಯೂನಿವರ್ಸಿಟಿಗಳು ಯಾಕೆ ದುಡ್ಡು ಬಿಡುತ್ತವೆ ಅನ್ನುವುದು ನನಗೆ ಮೊದಲು ಅರ್ಥವಾಗಬೇಕು. ಆಮೇಲೇ ಅರ್ಜಿ.

ಅರ್ಥವಾದದ್ದು ಇಷ್ಟು. 2003ರಲ್ಲಿ ಅಲಬಾಮಾ ಯೂನಿವರ್ಸಿಟಿಗೆ ರಾಬರ್ಟ್ ವಿಟ್ ಅಧ್ಯಕ್ಷರಾಗಿ ಬಂದಾಗ ಅಲ್ಲಿ ಸುಮಾರು 20,000 ವಿದ್ಯಾರ್ಥಿಗಳಿದ್ದರು. ಬೆಳೆಯಲೇಬೇಕು ಅಂತ ಅವರು ಹಟ ಹಿಡಿದರು. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರ ಕೊಡುವ ದುಡ್ಡು ಕಡಿಮೆಯಾಯಿತು, ಬೆಳೆಯುವುದು ಇನ್ನೂ ಅನಿವಾರ್ಯವಾಯಿತು. ಅಲಬಾಮಾ ಚಿಕ್ಕ ರಾಜ್ಯ. ಅಲ್ಲಿನ ಮಕ್ಕಳಿಂದಲೇ ಅಷ್ಟು ಸೀಟು ತುಂಬಿಸಲು ಆಗುವುದಿಲ್ಲ. ಹೊರಗಿನಿಂದ ಕರೆತರಬೇಕು. ಅದಕ್ಕಾಗಿ ಬೇರೆ ಬೇರೆ ರಾಜ್ಯಗಳಲ್ಲೇ ಮನೆ ಮಾಡಿಕೊಂಡು, ಹೈಸ್ಕೂಲಿಂದ ಹೈಸ್ಕೂಲಿಗೆ ತಿರುಗುವ ಸಿಬ್ಬಂದಿಯನ್ನು ಇಟ್ಟರು. 2007ರಲ್ಲಿ ಫುಟ್‌ಬಾಲ್ ಕೋಚ್ ಆಗಿ ನಿಕ್ ಸೇಬನ್ ಬಂದರು, ತಂಡ ಗೆಲ್ಲತೊಡಗಿತು, ಟಿವಿಯಲ್ಲಿ ಹೆಸರು ಓಡಾಡಿತು. 2017ರ ಹೊತ್ತಿಗೆ ವಿದ್ಯಾರ್ಥಿಗಳ ಸಂಖ್ಯೆ 38,000 ದಾಟಿತ್ತು. ಹೊಸದಾಗಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರ ರಾಜ್ಯದವರು.

ಇದರಲ್ಲಿ ಸ್ಕಾಲರ್‌ಶಿಪ್ ಪಾತ್ರ ಏನು? ಒಳ್ಳೆಯ ಅಂಕ ಇರುವ ಮಗುವಿಗೆ 28,000 ಬಿಟ್ಟರೆ, ಆ ಮಗು ಬಂದು ಯೂನಿವರ್ಸಿಟಿಯ ಸರಾಸರಿ ಅಂಕ ಏರಿಸುತ್ತದೆ. ಹೆಸರು ಬರುತ್ತದೆ. ಆ ಹೆಸರು ನೋಡಿ ಪೂರ್ತಿ 32,000 ಕಟ್ಟುವ ಇನ್ನೊಂದು ಮಗು ಬರುತ್ತದೆ. ಇಬ್ಬರೂ ಹಾಸ್ಟೆಲ್, ಊಟಕ್ಕೆ ದುಡ್ಡು ಕಟ್ಟುತ್ತಾರೆ. ಅಪ್ಪನಿಗೆ ಹೀಗೆ ಹೇಳಿದೆ: "ಖಾಲಿ ಬಸ್ಸು ಓಡಿಸೋಕಿಂತ ಕಮ್ಮಿ ಟಿಕೆಟ್ಟಲ್ಲಿ ಸೀಟು ತುಂಬಿಸೋದು ವಾಸಿ ಅಲ್ವಾ ಅಪ್ಪ, ಹಾಗೆ". ಅವರಿಗೆ ತಕ್ಷಣ ತಿಳಿಯಿತು.

ಎಲ್ಲಾ ರಾಜ್ಯಗಳೂ ಹೀಗಿಲ್ಲ ಅನ್ನುವುದನ್ನೂ ತಿಳಿದುಕೊಂಡೆ. ನಾರ್ತ್ ಕ್ಯಾರೊಲಿನಾದಲ್ಲಿ 1986ರಿಂದಲೂ ಚಾಪಲ್ ಹಿಲ್‌ನ ಯೂನಿವರ್ಸಿಟಿಯ ಹೊಸ ವಿದ್ಯಾರ್ಥಿಗಳಲ್ಲಿ ಹೊರಗಿನವರು 18 ಶೇಕಡಾ ಮೀರಬಾರದು ಅಂತ ಮಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮಕ್ಕಳ ಸೀಟು ಹೊರಗಿನವರಿಗೆ ಹೋಗುತ್ತಿದೆ ಅಂತ ಜನ ಸಿಟ್ಟಾದ ಮೇಲೆ 2017ರಲ್ಲಿ ಮಿತಿ ಹಾಕಿದರು. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಬಹುಪಾಲು ಸೀಟು ಆ ರಾಜ್ಯದವರಿಗೇ ಮೀಸಲು. ಜನ ಮುಗಿಬೀಳುವ ಇಂಥ ಕಡೆ ಹೊರಗಿನವರಿಗೆ ದೊಡ್ಡ ರಿಯಾಯಿತಿ ಸಿಗುವುದು ಅಪರೂಪ. ಅವರಿಗೆ ಕೊಡುವ ಅಗತ್ಯವೇ ಇಲ್ಲ. ಹಾಗಾಗಿ ನನ್ನ ಪಟ್ಟಿಯಿಂದ ಅವನ್ನು ಮೊದಲೇ ಹೊಡೆದುಹಾಕಿದೆ. ಮಗಳಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿ ಬಗ್ಗೆ ಆಸೆ ಇತ್ತು. ಪೂರ್ತಿ ಫೀಸು ಕಟ್ಟಲು ನಮ್ಮ ಕೈಲಿ ಆಗುವುದಿಲ್ಲ ಅಂತ ಅರ್ಜಿಗೆ ಮೊದಲೇ ಹೇಳಿದೆವು. ಸೀಟು ಸಿಕ್ಕಿದ ಮೇಲೆ ಬೇಡ ಅನ್ನುವುದು ಮಗುವಿಗೆ ಇನ್ನೂ ಕಷ್ಟ.

ಆಮೇಲೆ ಹಾಳೆ ಮಾಡಿದೆ. ಒಂದೊಂದು ಯೂನಿವರ್ಸಿಟಿಗೆ ಒಂದೊಂದು ಸಾಲು. ಟ್ಯೂಷನ್, ಇತರ ಫೀಸು, ಹಾಸ್ಟೆಲ್, ಊಟ, ವರ್ಷಕ್ಕೆ ಮೂರು ಸಲ ಮನೆಗೆ ಬಂದು ಹೋಗುವ ಖರ್ಚು. ಸ್ಕಾಲರ್‌ಶಿಪ್‌ಗೆ ಒಂದು ಕಾಲಂ ಅಲ್ಲ, ನಾಲ್ಕು: ಎಷ್ಟು ದುಡ್ಡು, ಎಷ್ಟು ವರ್ಷ, ಎಷ್ಟು ಜಿಪಿಎ, ಸೆಮಿಸ್ಟರಿಗೆ ಎಷ್ಟು ಕ್ರೆಡಿಟ್. ಮಗನ ಅನುಭವ ಆಗಿದ್ದರಿಂದ ಜಿಪಿಎ ಕಾಲಮ್ಮಿಗೆ ಕೆಂಪು ಬಣ್ಣ ಹಾಕಿದ್ದೆ. ಅಲಬಾಮಾದಲ್ಲಿ ಕೇಳಿದ್ದು 3.0. ಎಂಜಿನಿಯರಿಂಗ್ ಓದುವ ಮಗುವಿಗೆ 3.0ಗೂ 3.5ಗೂ ಇರುವ ಅಂತರ ಸಣ್ಣದಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಕೆಟ್ಟರೂ ಮೇಲೇಳಲು ಜಾಗ ಇರುತ್ತದೆ. 28,000ಕ್ಕೆ 3.0 ಕೇಳುವ ಕಡೆಯೂ 30,000ಕ್ಕೆ 3.5 ಕೇಳುವ ಕಡೆಯೂ ಎದುರಾದರೆ ನಾನು ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನೇ ಆರಿಸುತ್ತೇನೆ.

ಅಲಬಾಮಾದಲ್ಲಿ ನಮಗೆ ಹಿಡಿಸಿದ ಇನ್ನೊಂದು ವಿಷಯ, ಎಲ್ಲವೂ ಮೊದಲೇ ಗೊತ್ತಿತ್ತು. ಎಸ್‌ಎಟಿ (ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) 1420 ಅಥವಾ ಮೇಲೆ, ಹೈಸ್ಕೂಲ್ ಜಿಪಿಎ 3.5 ಇದ್ದರೆ ಆಗ ಹೊರ ರಾಜ್ಯದವರಿಗೆ ವರ್ಷಕ್ಕೆ 28,000 ಕೊಡುತ್ತಿದ್ದರು. 1360ರಿಂದ 1410 ಇದ್ದರೆ 24,000. ಪ್ರಬಂಧ ಬರೆದು, ಸಂದರ್ಶನ ಕೊಟ್ಟು, ಯಾರೋ ಕೊಡುತ್ತಾರೋ ಬಿಡುತ್ತಾರೋ ಅಂತ ಕಾಯಬೇಕಾಗಿರಲಿಲ್ಲ. ಮಗಳಿಗೆ ಮೊದಲ ಸಲ 1390 ಬಂದಿತ್ತು. ಸಾಕು ಬಿಡಮ್ಮ ಅಂದಳು. ಹಾಳೆ ತೋರಿಸಿದೆ. ಇನ್ನು 30 ಅಂಕ ಬಂದರೆ ವರ್ಷಕ್ಕೆ 4,000, ನಾಲ್ಕು ವರ್ಷಕ್ಕೆ 16,000 ಡಾಲರ್. ಬೇಸಿಗೆ ಪೂರ್ತಿ ದಿನಕ್ಕೆ ಒಂದು ಗಂಟೆ ಗಣಿತ ಮಾತ್ರ ಅಭ್ಯಾಸ ಮಾಡಿದಳು, ಇಂಗ್ಲಿಷ್ ಮುಟ್ಟಲೂ ಇಲ್ಲ. ಎರಡನೇ ಸಲ 1440. ಅವಳು ಬೇಸಿಗೆ ಕೆಲಸಕ್ಕೆ ಹೋಗಿದ್ದರೂ ಅಷ್ಟು ದುಡ್ಡು ಸಂಪಾದಿಸುತ್ತಿರಲಿಲ್ಲ.

ಇಲಿನಾಯ್ ಪರವಾಗಿಯೂ ಒಂದು ದೊಡ್ಡ ಅಂಶ ಇತ್ತು. 2004ರಿಂದ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗೆ ಸೇರುವ ರಾಜ್ಯದ ಮಕ್ಕಳಿಗೆ ಮೊದಲ ವರ್ಷದ ಟ್ಯೂಷನ್ ದರವೇ ನಾಲ್ಕು ವರ್ಷವೂ ಇರಬೇಕು ಅನ್ನುವ ಕಾನೂನಿದೆ. ಅಲಬಾಮಾದಲ್ಲಿ ಸ್ಕಾಲರ್‌ಶಿಪ್ ಇಷ್ಟೇ ಡಾಲರ್ ಅಂತ ನಿಂತಿರುತ್ತದೆ, ಫೀಸು ಏರಿದರೆ ಏರಿದ್ದು ನಮ್ಮ ತಲೆ ಮೇಲೆ. ಅದಕ್ಕೆ ಹಾಳೆಯಲ್ಲಿ ಪ್ರತಿ ವರ್ಷ 3 ಶೇಕಡಾ ಏರಿಸಿ ಲೆಕ್ಕ ಹಾಕಿದೆ. ಹಾಗೆ ಹಾಕಿದರೂ ನಾಲ್ಕು ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಉಳಿತಾಯ ಕಂಡಿತು. ಅರ್ಬಾನಾದ ಸಿವಿಲ್ ವಿಭಾಗ ದೇಶದಲ್ಲೇ ಮೇಲಿನ ಸಾಲಿನದು. ನಮ್ಮ ಮನೆಯವರಿಗೆ ಅದನ್ನು ಬಿಡಲು ಬಹಳ ಬೇಜಾರಿತ್ತು, ಎರಡು ವಾರ ವಾದ ನಡೆಯಿತು. ಕೊನೆಗೆ ಮಗಳೇ, "ಅಣ್ಣನ ಸಾಲ ಇನ್ನೂ ಇದೆ ಅಲ್ವಾ ಅಪ್ಪ" ಅಂದಳು. ಅವತ್ತು ತೀರ್ಮಾನವಾಯಿತು.

ಅದೇ ಏಪ್ರಿಲ್‌ನಲ್ಲಿ ಅಲಬಾಮಾ ಯೂನಿವರ್ಸಿಟಿ ಇರುವ ಟಸ್ಕಲೂಸಾ ಊರಿಗೆ ಹೋಗಿ ಕ್ಯಾಂಪಸ್ ನೋಡಿದೆವು. ಹೊಸ ಕಟ್ಟಡಗಳು, ದೊಡ್ಡ ದೊಡ್ಡ ಹಾಸ್ಟೆಲ್‌ಗಳು. ಅವುಗಳ ನಡುವೆ ಫಾಸ್ಟರ್ ಆಡಿಟೋರಿಯಂ. 1963ರ ಜೂನ್ 11ರಂದು ಗವರ್ನರ್ ಜಾರ್ಜ್ ವ್ಯಾಲೇಸ್ ಆ ಬಾಗಿಲಲ್ಲೇ ನಿಂತು, ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಅನ್ನುವ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನೋಡಿದ್ದು. ಇಬ್ಬರೂ ಅಲಬಾಮಾದಲ್ಲೇ ಹುಟ್ಟಿ ಬೆಳೆದವರು. ಅವತ್ತೇ ಇಬ್ಬರೂ ಸೇರಿದರು. ಮಲೋನ್ 1965ರಲ್ಲಿ ಪದವಿ ಪಡೆದರು. ಎದುರಿನ ಅಂಗಳಕ್ಕೆ ಈಗ ಅವರಿಬ್ಬರ ಹೆಸರಿದೆ.

ಅಲ್ಲಿ ನಿಂತಾಗ ನನಗೆ ಹೇಗೋ ಆಯಿತು. ತಮ್ಮ ರಾಜ್ಯದ್ದೇ ಯೂನಿವರ್ಸಿಟಿಗೆ ಕಾಲಿಡಲು ಅವರು ಅಷ್ಟು ಹೋರಾಡಬೇಕಾಯಿತು. ಶಿಕಾಗೋದಿಂದ ಬಂದ, ಇಬ್ಬರೂ ಐಟಿಯಲ್ಲಿ ದುಡಿಯುವ ನಮ್ಮಂಥವರ ಮಗಳನ್ನು ದುಡ್ಡು ಕೊಟ್ಟು ಕರೆಯುತ್ತಿದ್ದಾರೆ. ಅಲಬಾಮಾದ ಜನರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಪ್ಪು ಜನ. ಕ್ಯಾಂಪಸ್ಸಿನಲ್ಲಿ ಅವರ ಪಾಲು ಅದಕ್ಕಿಂತ ತುಂಬಾ ಕಡಿಮೆ. ಅಂಕ ನೋಡಿ ಕೊಡುವ ದುಡ್ಡು, ಕೋಚಿಂಗಿಗೆ ಕಳಿಸಬಲ್ಲ, ಎರಡು ಸಲ ಪರೀಕ್ಷೆ ಕಟ್ಟಬಲ್ಲ ಮನೆಗಳಿಗೇ ಜಾಸ್ತಿ ಹೋಗುತ್ತದೆ. ಇದು ಅಲ್ಲಿ ಮಾತ್ರ ಅಲ್ಲ, ಎಷ್ಟೋ ರಾಜ್ಯಗಳಲ್ಲಿ ಹೀಗೇ ಇದೆ. ಆ ದುಡ್ಡು ನಾವು ತೆಗೆದುಕೊಂಡೆವು, ನಮಗೆ ಬೇಕಿತ್ತು. ಆದರೂ ಅಗತ್ಯ ಇರುವ ಮಕ್ಕಳಿಗೆ ಮೊದಲು ಕೊಟ್ಟು ಉಳಿದದ್ದು ನಮಗೆ ಬರಬೇಕಿತ್ತು ಅಂತಲೇ ನಾನು ಇವತ್ತೂ ನಂಬುತ್ತೇನೆ.

ಹೋದ ಮೇಲೆ ಗೊತ್ತಾದದ್ದು ಕೆಲವು. ಎರಡನೇ ವರ್ಷಕ್ಕೆ ಹೊರಗೆ ಮನೆ ಹುಡುಕಬೇಕು, ಮತ್ತು ಮೊದಲ ವರ್ಷದ ಅಕ್ಟೋಬರ್‌ನಲ್ಲೇ ಹುಡುಕಲು ಶುರು ಮಾಡಬೇಕು. ವಿಮಾನಕ್ಕೆ ಬರ್ಮಿಂಗ್‌ಹ್ಯಾಮ್‌ವರೆಗೆ ಹೋಗಬೇಕು, ಅಲ್ಲಿಂದ ಒಂದು ಗಂಟೆ. ಥ್ಯಾಂಕ್ಸ್‌ಗಿವಿಂಗ್ ವಾರದ ಟಿಕೆಟ್ ನನ್ನ ಹಾಳೆಯ ಲೆಕ್ಕವನ್ನು ಎರಡು ಸಲ ತಪ್ಪಿಸಿತು. ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಬಂದದ್ದು 3.2. ಮಗನ ಕಾಲೇಜಿನ ನಿಯಮ ಇದ್ದಿದ್ದರೆ ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಈಗ ಕೂಟದ ಅಪ್ಪ ಅಮ್ಮಂದಿರು ಹಾಳೆ ಕೇಳಿಕೊಂಡು ಬರುತ್ತಾರೆ. ಎಲ್ಲರಿಗೂ ಅಲಬಾಮಾ ಅಂತ ನಾನು ಹೇಳುವುದಿಲ್ಲ. ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಸಹಾಯ ಸಿಗುವುದಿಲ್ಲ. 21 ತುಂಬಿದರೆ ಆ ವೀಸಾವೂ ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿದರೆ ಕೆಲವು ಕಡೆ ರಾಜ್ಯದ ಫೀಸಿನ ಹಕ್ಕೂ ಹೋಗಬಹುದು. ಅಂಥವರಿಗೆ ಮೊದಲು ಆಯಾ ಯೂನಿವರ್ಸಿಟಿಯ ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆಸಿ, ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ ಅನ್ನುತ್ತೇನೆ.

ಹೋದ ವರ್ಷ ಒಬ್ಬ ತಾಯಿ ಬಂದಿದ್ದರು. ಗಂಡ ಇಲ್ಲ, ಅಂಗಡಿಯಲ್ಲಿ ಕೆಲಸ, ಮಗ ಓದಿನಲ್ಲಿ ಚುರುಕು. ಅವರೂ ಹೊರ ರಾಜ್ಯದ ಸ್ಕಾಲರ್‌ಶಿಪ್ ಪಟ್ಟಿ ಹಿಡಿದುಕೊಂಡಿದ್ದರು. ನಾನು ಹಾಳೆಯ ಮೊದಲ ಸಾಲು ತೆಗೆದು ತೋರಿಸಿದೆ. ಆದಾಯ ಕಡಿಮೆ ಇರುವ ಇಲಿನಾಯ್ ಮನೆಗಳ ಮಕ್ಕಳಿಗೆ ಅರ್ಬಾನಾದಲ್ಲಿ 2019ರಿಂದ ಟ್ಯೂಷನ್ ಮತ್ತು ಕ್ಯಾಂಪಸ್ ಫೀಸು ಪೂರ್ತಿ ಮಾಫಿ ಮಾಡುವ ಯೋಜನೆ ಇದೆ. ಶುರುವಿನಲ್ಲಿ ಆದಾಯ ಮಿತಿ 61,000 ಡಾಲರ್ ಇತ್ತು, ಆಮೇಲೆ ಏರಿಸಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ಇಬ್ಬರೂ ಕೂತು ಅವತ್ತೇ ಸರ್ಕಾರದ ಆರ್ಥಿಕ ಸಹಾಯಕ್ಕೆ ಹಾಕುವ ಎಫ್‌ಎಎಫ್‌ಎಸ್‌ಎ ಅರ್ಜಿ ತುಂಬಿದೆವು, ರಾತ್ರಿ ಹನ್ನೊಂದಾಯಿತು. ಹುಡುಗ ಈಗ ಅರ್ಬಾನಾದಲ್ಲಿದ್ದಾನೆ, ವಾರದ ಕೊನೆಗೆ ರೈಲು ಹತ್ತಿ ಅಮ್ಮನ ಮನೆಗೆ ಬಂದುಹೋಗುತ್ತಾನೆ.