ವಿಂಡೋಸ್ ಒಳಗೆ ಡೆಬಿಯನ್: ಎರಡು ಸ್ಕ್ರೀನ್ ರೀಡರ್‌ಗಳನ್ನು ಒಂದೇ ಕಂಪ್ಯೂಟರಿನಲ್ಲಿ ನಡೆಸುವ ಕ್ರಮ

ವಿಂಡೋಸ್‌ನಲ್ಲಿ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸಿ ಪಳಗಿದ ಅಂಧ ಬಳಕೆದಾರರಿಗೆ ಲಿನಕ್ಸನ್ನೂ ಕಲಿಯಬೇಕೆಂಬ ಆಸೆ ಹುಟ್ಟುವುದು ಸಹಜ. ಪ್ರೋಗ್ರಾಮಿಂಗ್ ಓದುತ್ತಿರುವವರಿಗೆ ಅದು ಅನಿವಾರ್ಯವೂ ಹೌದು. ಆದರೆ ಒಂದೇ ಡಿಸ್ಕಿನಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ಅಕ್ಕಪಕ್ಕ ಹಾಕಿಕೊಳ್ಳುವ ಡ್ಯುಯಲ್ ಬೂಟ್ ವಿಧಾನವನ್ನು ಮೊದಲ ಸಲವೇ ಹಿಡಿಯಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಕಂಪ್ಯೂಟರನ್ನು ಆನ್ ಮಾಡಿದ ಕೂಡಲೇ ಬರುವ ಬಯಾಸ್ ಪರದೆಯಾಗಲಿ, ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಮೆನುವಾಗಲಿ ಮಾತಾಡುವುದಿಲ್ಲ. ಡಿಸ್ಕನ್ನು ಭಾಗ ಮಾಡುವಾಗ ಒಂದು ಸಂಖ್ಯೆ ತಪ್ಪಿದರೆ ವಿಂಡೋಸ್ ಮತ್ತು ಅದರೊಂದಿಗೆ ನಿಮ್ಮ ಎಲ್ಲ ಕಡತಗಳು ಅಳಿಸಿಹೋಗಬಹುದು. ವಿಂಡೋಸ್ ಒಳಗೇ ವರ್ಚುವಲ್ ಮೆಷೀನ್, ಅಂದರೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರೊಂದನ್ನು ಮಾಡಿಕೊಂಡರೆ ಈ ಭಯವಿಲ್ಲ. ಅಲ್ಲಿ ಲಿನಕ್ಸ್ ಕಾಣುವ ಡಿಸ್ಕ್ ಎಂಬುದು ವಿಂಡೋಸ್‌ನ ಪಾಲಿಗೆ ಕೆಲವು ಕಡತಗಳಷ್ಟೇ.

ಇಲ್ಲಿ ಹೇಳುವುದು ವರ್ಚುವಲ್ ಮೆಷೀನ್ ನಡೆಸುವ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ತಂತ್ರಾಂಶ ಮತ್ತು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಜೋಡಿಯ ಕುರಿತು. ವಿಎಂವೇರ್‌ನ ಮೆನುಗಳನ್ನು ಎನ್‌ವಿಡಿಎ ಚೆನ್ನಾಗಿ ಓದುತ್ತದೆ, ಮತ್ತು 2024ರ ನವೆಂಬರ್‌ನಿಂದ ಈ ವಿಎಂವೇರ್ ತಂತ್ರಾಂಶ ಎಲ್ಲರಿಗೂ ಉಚಿತ. ಡೆಬಿಯನ್‌ನ ಇನ್‌ಸ್ಟಾಲರ್ ಮೊದಲ ಪ್ರಶ್ನೆಯಿಂದ ಕೊನೆಯ ಪ್ರಶ್ನೆಯವರೆಗೂ ಮಾತಾಡಬಲ್ಲದು. ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿ ರ‍್ಯಾಮ್ ಇರಲಿ. ಕಮಾಂಡ್ ಪ್ರಾಂಪ್ಟ್ ತೆರೆದು, ನಡುವೆ ಜಾಗ ಬಿಡದೆ ಸಿಸ್ಟಮ್‌ಇನ್ಫೋ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ, ವರ್ಚುವಲ್ ಮೆಷೀನಿಗೆ ಬೇಕಾದ ವರ್ಚುವಲೈಸೇಷನ್ ಸೌಲಭ್ಯ ಆನ್ ಆಗಿದೆಯೇ ಎಂಬುದು ಕೊನೆಯ ಸಾಲುಗಳಲ್ಲಿ ತಿಳಿಯುತ್ತದೆ. ಆಗಿಲ್ಲದಿದ್ದರೆ ಅದನ್ನು ಬಯಾಸ್‌ನಲ್ಲಿ ಆನ್ ಮಾಡಿಸಲು ಕಣ್ಣು ಕಾಣುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇರೆಯವರ ನೆರವು ಖಂಡಿತವಾಗಿ ಬೇಕಾಗುವ ಹಂತ ಇದೊಂದೇ.

ಇನ್‌ಸ್ಟಾಲ್ ಮಾಡುವ ಮುಂಚೆಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ವಿಷಯವೊಂದಿದೆ. ಇನ್ನು ಮುಂದೆ ಕಂಪ್ಯೂಟರಿನಲ್ಲಿ ಇಬ್ಬರು ಓದುಗರಿರುತ್ತಾರೆ, ಹೊರಗೆ ಎನ್‌ವಿಡಿಎ, ಒಳಗೆ ಲಿನಕ್ಸ್‌ನ ಸ್ಕ್ರೀನ್ ರೀಡರ್ ಓರ್ಕಾ; ಕೀಲಿಮಣೆ ಮಾತ್ರ ಒಂದೇ. ಅದು ಈಗ ಯಾರ ಕೈಯಲ್ಲಿದೆ ಎಂಬುದು ಪ್ರತಿ ಕ್ಷಣವೂ ನಿಮಗೆ ಗೊತ್ತಿರಬೇಕು. ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಜಿ ಒತ್ತಿದರೆ ಕೀಲಿಮಣೆ ಲಿನಕ್ಸ್‌ಗೆ ಹೋಗುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿ ಬಿಟ್ಟರೆ ವಿಂಡೋಸ್‌ಗೆ ಮರಳುತ್ತದೆ. ಒಳಗೆ ಹೋಗುವ ಮುನ್ನ ಎನ್‌ವಿಡಿಎ ಕೀಲಿಯೊಂದಿಗೆ (ಅದರ ಆಜ್ಞೆಗಳಿಗೆ ಒತ್ತಿ ಹಿಡಿಯುವ ಮುಖ್ಯ ಕೀಲಿ) ಶಿಫ್ಟ್ ಮತ್ತು ಎಸ್ ಒತ್ತಿ, ವಿಎಂವೇರ್‌ನ ಮಟ್ಟಿಗೆ ಎನ್‌ವಿಡಿಎಯನ್ನು ನಿದ್ರಾ ಸ್ಥಿತಿಗೆ ಕಳುಹಿಸಿ (ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಎಸ್ ಬದಲು ಝಡ್). ಹೊರಗೆ ಬಂದ ಮೇಲೆ ಅದೇ ಕೀಲಿಗಳಿಂದ ಎಬ್ಬಿಸಿ. ಬೇರೆ ತಂತ್ರಾಂಶಗಳಿಗೆ ಹೋದಾಗ ಎನ್‌ವಿಡಿಎ ಎಂದಿನಂತೆಯೇ ಓದುತ್ತದೆ.

ಇಬ್ಬರಿಗೂ ಬೇರೆ ಬೇರೆ ಮುಖ್ಯ ಕೀಲಿಯನ್ನು ಕೊಡುವುದು ಒಳ್ಳೆಯದು. ಎನ್‌ವಿಡಿಎ ಕೀಲಿ, ಕಂಟ್ರೋಲ್ ಮತ್ತು ಕೆ ಒತ್ತಿದರೆ ತೆರೆಯುವ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಕ್ಯಾಪ್ಸ್ ಲಾಕನ್ನು ಎನ್‌ವಿಡಿಎಗೆ ಕೊಟ್ಟು, ಇನ್ಸರ್ಟನ್ನು ಓರ್ಕಾಗೆ ಬಿಡುವುದು ನನ್ನ ಕ್ರಮ. ಇದರಲ್ಲೂ ಒಂದು ತೊಡಕಿದೆ. ಒಮ್ಮೆ ಲಾಗಿನ್ ಪರದೆಯಲ್ಲಿ ನನ್ನ ಪಾಸ್‌ವರ್ಡ್ ಮೂರು ಸಲ ತಿರಸ್ಕೃತವಾಯಿತು. ನಾಲ್ಕನೆಯ ಸಲ ಬೆರಳನ್ನು ನಿಧಾನವಾಗಿ ಇಟ್ಟು ಒಂದೊಂದೇ ಅಕ್ಷರ ಒತ್ತಿದೆ, ಆಗಲೂ ಅಷ್ಟೇ. ಅಭ್ಯಾಸಬಲದಿಂದ ಲಿನಕ್ಸ್ ಒಳಗೆ ಕ್ಯಾಪ್ಸ್ ಲಾಕ್ ಒತ್ತಿದ್ದೆ. ಅಲ್ಲಿ ಅದು ನಿಜವಾಗಿಯೇ ದೊಡ್ಡಕ್ಷರದ ಕೀಲಿ. ಪಾಸ್‌ವರ್ಡ್ ಒಪ್ಪದಿದ್ದಾಗ ಮೊದಲು ಕ್ಯಾಪ್ಸ್ ಲಾಕನ್ನು ಒಮ್ಮೆ ಒತ್ತಿ ನೋಡಿ. ಇನ್ಸರ್ಟ್ ಕೀಲಿ ಇಲ್ಲದ ಲ್ಯಾಪ್‌ಟಾಪ್ ಇದ್ದವರು ನಂಬರ್ ಪ್ಯಾಡ್ ಇರುವ ಯುಎಸ್‌ಬಿ ಕೀಲಿಮಣೆಯೊಂದನ್ನು ಕೊಂಡುಕೊಳ್ಳಲಿ, ಮುಂದಿನ ಹಂತಕ್ಕೂ ಅದು ಬೇಕಾಗುತ್ತದೆ.

ಡೆಬಿಯನ್ ಜಾಲತಾಣದಿಂದ ಇನ್‌ಸ್ಟಾಲರ್ ಇರುವ ಐಎಸ್‌ಒ ಕಡತವನ್ನು ಇಳಿಸಿಕೊಂಡು, ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಮೆಷೀನ್ ಮಾಡಿ. ಕಾರ್ಯಾಚರಣಾ ವ್ಯವಸ್ಥೆಯನ್ನು ಆಮೇಲೆ ಹಾಕುತ್ತೇನೆ ಎಂಬ ಆಯ್ಕೆಯನ್ನೇ ಆರಿಸಿ. ಕೆಲವು ವ್ಯವಸ್ಥೆಗಳನ್ನು ವಿಎಂವೇರ್ ತಾನೇ ಇನ್‌ಸ್ಟಾಲ್ ಮಾಡಲು ಹೊರಡುತ್ತದೆ, ಹಾಗಾದರೆ ಧ್ವನಿಯನ್ನು ಆರಿಸುವ ಅವಕಾಶವೇ ಸಿಗುವುದಿಲ್ಲ. ನಂತರ ಕಂಟ್ರೋಲ್ ಮತ್ತು ಡಿ ಒತ್ತಿ, 4 ಜಿಬಿ ರ‍್ಯಾಮ್ ಮತ್ತು ಎರಡು ಪ್ರೊಸೆಸರ್ ಕೊಟ್ಟು, ಸಿಡಿ ಡ್ರೈವ್‌ನ ಜಾಗದಲ್ಲಿ ಐಎಸ್‌ಒ ಕಡತವನ್ನು ತೋರಿಸಿ. ಇದಕ್ಕಿಂತ ಕಡಿಮೆ ಕೊಟ್ಟರೆ ಓರ್ಕಾದ ಮಾತು ತುಂಡುತುಂಡಾಗಿ ಕೇಳಿಸಬಹುದು.

ಮೆಷೀನನ್ನು ಆನ್ ಮಾಡಿ ಕೀಲಿಮಣೆಯನ್ನು ಒಳಗೆ ಕೊಟ್ಟ ಮೇಲೆ, ಬೂಟ್ ಮೆನು ಸಿದ್ಧವಾದುದಕ್ಕೆ ಬೀಪ್ ಸದ್ದು ಕೇಳಬಹುದು. ಆಗ ಎಸ್ ಒತ್ತಿ ಎಂಟರ್ ಒತ್ತಿರಿ. ಬೀಪ್ ಕೇಳದಿದ್ದರೆ ಹದಿನೈದು ಸೆಕೆಂಡು ಕಾದು ಅದನ್ನೇ ಮಾಡಿ. ತುಸು ಹೊತ್ತಿನಲ್ಲಿ, ಬರಹವನ್ನು ಮಾತಾಗಿಸುವ ಇಸ್ಪೀಕ್ ತಂತ್ರಾಂಶದ ಧ್ವನಿ ಭಾಷೆ ಯಾವುದೆಂದು ಕೇಳುತ್ತದೆ. ಪ್ರತಿ ಪ್ರಶ್ನೆಗೂ ಆಯ್ಕೆಗಳನ್ನು ಸಂಖ್ಯೆಯೊಂದಿಗೆ ಓದಲಾಗುತ್ತದೆ. ಬೇಕಾದ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಕೇಳಿಸದೆ ಹೋದ ಸಾಲನ್ನು ಮತ್ತೆ ಕೇಳಲು ನಂಬರ್ ಪ್ಯಾಡಿನ 8, ಅದರ ಹಿಂದಿನ ಸಾಲಿಗೆ 7, ಮುಂದಿನ ಸಾಲಿಗೆ 9 ಇವೆ. ರೂಟ್ (ನಿರ್ವಾಹಕ ಖಾತೆ) ಪಾಸ್‌ವರ್ಡನ್ನು ಖಾಲಿ ಬಿಟ್ಟರೆ ನಿಮ್ಮ ಖಾತೆಗೇ ಸುಡೊ ಅಧಿಕಾರ, ಅಂದರೆ ನಿರ್ವಾಹಕರ ಕೆಲಸ ಮಾಡುವ ಅನುಮತಿ ಸಿಗುತ್ತದೆ. ಇಡೀ ಡಿಸ್ಕನ್ನು ಬಳಸಲೇ ಎಂದು ಕೇಳಿದಾಗ ಎದೆ ಡವಡವ ಎನ್ನುವುದು ಸಹಜ. ಇದು ವರ್ಚುವಲ್ ಮೆಷೀನಿನ ಡಿಸ್ಕ್ ಆದ್ದರಿಂದ ಇಲ್ಲಿ ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂಬ ಕಡೆಯ ಪ್ರಶ್ನೆಗೆ ಮಾತ್ರ ಮೊದಲೇ ಬೇಡ ಎಂಬ ಉತ್ತರ ಆಯ್ಕೆಯಾಗಿರುವುದರಿಂದ ಸುಮ್ಮನೆ ಎಂಟರ್ ಒತ್ತದೆ ಹೌದು ಎಂಬುದನ್ನು ಆರಿಸಿ. ಡೆಸ್ಕ್‌ಟಾಪ್‌ಗೆ ಮಾಟೆಯನ್ನು ಆಯ್ದುಕೊಳ್ಳಿ. ಅದರ ಮೆನುಗಳು ವಿಂಡೋಸ್ ಅಭ್ಯಾಸವಿರುವ ಕೈಗೆ ಬೇಗ ಒಗ್ಗುತ್ತವೆ. ಗ್ರಬ್ ಅನ್ನು ಎಲ್ಲಿಗೆ ಹಾಕಬೇಕು ಎಂದು ಕೇಳಿದಾಗ ಕೈಯಾರೆ ಬರೆಯುವ ಆಯ್ಕೆಯನ್ನು ಬಿಟ್ಟು ಡಿಸ್ಕಿನ ಹೆಸರಿರುವುದನ್ನು ಆರಿಸಿ.

ಧ್ವನಿಯ ಮೂಲಕ ಇನ್‌ಸ್ಟಾಲ್ ಮಾಡಿದ್ದರಿಂದ ಲಾಗಿನ್ ಪರದೆಯಲ್ಲಿಯೇ ಓರ್ಕಾ ಮಾತಾಡಬೇಕು. ಡೆಸ್ಕ್‌ಟಾಪ್‌ಗೆ ಬಂದ ಮೇಲೆ ಮೌನವಾದರೆ ಆಲ್ಟ್ ಮತ್ತು ಎಫ್ 2 ಒತ್ತಿ, ಓರ್ಕಾ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಇನ್ಸರ್ಟ್ ಮತ್ತು ಎಚ್ ಒತ್ತಿದರೆ ಕಲಿಕೆಯ ಸ್ಥಿತಿ. ಯಾವ ಕೀಲಿ ಒತ್ತಿದರೂ ಅದರ ಕೆಲಸವನ್ನು ಓರ್ಕಾ ಹೇಳುತ್ತದೆ, ಎಸ್ಕೇಪ್ ಒತ್ತಿದರೆ ಮುಗಿಯುತ್ತದೆ. ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿದರೆ ಸೆಟ್ಟಿಂಗ್‌ಗಳು. ಎರಡೂ ಕಡೆ ಇಸ್ಪೀಕ್ ಇದ್ದರೆ ಮಾತಾಡುತ್ತಿರುವುದು ಯಾರೆಂದೇ ತಿಳಿಯುವುದಿಲ್ಲ, ಆದ್ದರಿಂದ ಓರ್ಕಾದ ಸ್ವರವನ್ನು ತಗ್ಗಿಸಿಕೊಳ್ಳಿ. ದಪ್ಪ ದನಿ ಕೇಳಿದರೆ ಲಿನಕ್ಸ್, ತೆಳು ದನಿ ಕೇಳಿದರೆ ವಿಂಡೋಸ್ ಎಂದು ಕಿವಿ ಒಂದೇ ದಿನದಲ್ಲಿ ಕಲಿತುಬಿಡುತ್ತದೆ. ಇಸ್ಪೀಕ್‌ನಲ್ಲಿ ಕನ್ನಡವೂ ಇದೆ. ಕನ್ನಡ ಕಡತಗಳನ್ನು ಓದುವವರು ಅದೇ ಸೆಟ್ಟಿಂಗ್‌ನಲ್ಲಿ ಕನ್ನಡ ಧ್ವನಿಯನ್ನು ಆರಿಸಿಕೊಳ್ಳಬಹುದು.

ಲಿನಕ್ಸ್ ಪೂರ್ತಿ ಮೌನವಾದಾಗ ವರ್ಚುವಲ್ ಮೆಷೀನಿನ ದೊಡ್ಡ ಅನುಕೂಲ ಕೈಹಿಡಿಯುತ್ತದೆ. ಕಂಟ್ರೋಲ್ ಆಲ್ಟ್ ಒತ್ತಿ ಹೊರಬಂದು, ಎನ್‌ವಿಡಿಎಯನ್ನು ಎಬ್ಬಿಸಿ, ವಿಎಂವೇರ್ ಕಿಟಕಿಯ ಮೇಲಿರುವಾಗಲೇ ಎನ್‌ವಿಡಿಎ ಕೀಲಿಯೊಂದಿಗೆ ಆರ್ ಒತ್ತಿದರೆ, ವಿಂಡೋಸ್‌ನ ಒಸಿಆರ್ (ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸುವ ಸೌಲಭ್ಯ) ಆ ಕಿಟಕಿಯಲ್ಲಿ ಕಾಣುವ ಇಂಗ್ಲಿಷ್ ಪಠ್ಯವನ್ನು ಗುರುತಿಸಿಕೊಡುತ್ತದೆ. ಬಾಣದ ಕೀಲಿಗಳಿಂದ ಅದನ್ನು ಸಾಲುಸಾಲಾಗಿ ಓದಿ ಎಸ್ಕೇಪ್‌ನಿಂದ ಹೊರಬನ್ನಿ. ಮಾತಾಡದ ಬೂಟ್ ಮೆನುವನ್ನೂ, ನಡುವೆ ನಿಂತುಹೋದ ದೋಷದ ಸಂದೇಶವನ್ನೂ ನಾನು ಹೀಗೆಯೇ ಓದಿಕೊಂಡಿದ್ದೇನೆ.

ಎಲ್ಲವೂ ಸರಿಯಾಗಿ ಮಾತಾಡುತ್ತಿರುವ ಮೊದಲ ದಿನವೇ ವಿಎಂ ಮೆನುವಿನಿಂದ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ಧ್ವನಿಯ ಸೆಟ್ಟಿಂಗ್ ಕೆಟ್ಟು ಮಾತು ನಿಂತರೆ, ಮೆಷೀನನ್ನು ಆ ದಿನದ ಸ್ಥಿತಿಗೆ ವಿಂಡೋಸ್ ಕಡೆಯಿಂದಲೇ, ಎನ್‌ವಿಡಿಎ ಓದುವ ಮೆನುವಿನಲ್ಲೇ ಮರಳಿ ತರಬಹುದು. ಆದರೆ ಸ್ನ್ಯಾಪ್‌ಶಾಟ್‌ನ ನಂತರ ಬರೆದ ಕಡತಗಳು ಅದರೊಂದಿಗೆ ಹೋಗುತ್ತವೆ, ಆದ್ದರಿಂದ ಕಲಿಕೆಯ ಕೆಲಸದ ಪ್ರತಿಯನ್ನು ಮೊದಲೇ ಬೇರೆ ಕಡೆ ಉಳಿಸಿಕೊಂಡಿರಬೇಕು.